ಬೆಜವಾಡದ ಕೌದಿ ಮೇಡಂ

ಸೂಜಿಗೆ ದಾರ ಪೋಣಿಸುವುದು ನಮ್ಮ ಕೆಲಸ, ಹೊಲಿಗೆ ಹೇಗಿರಬೇಕೆಂದು ಹೇಳುವುದು ಅವರ ಕೆಲಸ, ಹೊಲಿದದ್ದನ್ನು ಬಿಚ್ಚುವುದು ಮತ್ತೆ ನಮ್ಮ ಕೆಲಸ. ಹಳಬರು ಇನ್ನೂ ಬೆಜವಾಡ ಎನ್ನುವ ವಿಜಯವಾಡದ ಪಟಮಟದಲ್ಲಿ ಒಂದು ವರ್ಷ, ಗುರುವಾರ ಗುರುವಾರ ಮಧ್ಯಾಹ್ನ, ಬ್ಯಾಂಕ್ ಅಧಿಕಾರಿಗಳ ಹೆಂಡಂದಿರಾದ ನಾವು ಐದಾರು ಜನ ಈ ಹಂಚಿಕೆಗೆ ತಲೆಬಾಗಿ ಕೌದಿ ಹೊಲಿದೆವು. ಹೊರಗೆ ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ನಾವು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತೇಪೆ ಇಟ್ಟು, ಚಳಿಗೆ ಹೊದಿಕೆ ತಯಾರಿಸುತ್ತಿದ್ದೆವು. ಆ ಊರಿನಲ್ಲಿ ಚಳಿಗಾಲವೆಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ಕಾಲ.

ಹೋದ ತಿಂಗಳು ಉಡುಪಿಯಿಂದ ಫೋನ್ ಬಂತು. ಆ ದಿನಗಳ ಗೆಳತಿ. ಅವಳ ಗಂಡನೂ ನನ್ನ ಗಂಡನೂ ಒಂದೇ ಬ್ಯಾಂಕಿನಲ್ಲಿದ್ದವರು. "ನಮ್ಮ ಕೌದಿ ಮೇಡಂ ತೀರಿಕೊಂಡರಂತೆ ಮಾರಾಯ್ತಿ" ಎಂದಳು. ಆಮೇಲೆ ಅವಳು, "ಇರುವೆ ನೆನಪುಂಟಾ?" ಎಂದಳು. ಇಬ್ಬರೂ ನಕ್ಕೆವು. ನಕ್ಕು ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಅವರ ಬಗ್ಗೆ ಬರೆಯಬೇಕೆನಿಸಿದ್ದು ಆಗಲೇ.

ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಯಾರಾದರೂ ಕರೆದದ್ದನ್ನು ನಾನು ಕೇಳಿಯೂ ಇಲ್ಲ. ಅವರ ಯಜಮಾನರು ನಮ್ಮ ಬ್ಯಾಂಕಿನ ರೀಜನಲ್ ಮ್ಯಾನೇಜರ್, ಆ ಸೀಮೆಯ ಶಾಖೆಗಳಿಗೆಲ್ಲ ದೊರೆ. ಹಾಗಾಗಿ ಇವರು ಎದುರಿಗೆ ಮೇಡಂ, ಬೆನ್ನ ಹಿಂದೆ ಕೌದಿ ಮೇಡಂ. ಬಾಗಲಕೋಟೆ ಕಡೆಯವರು. ಕುಳ್ಳನೆಯ ದಪ್ಪ ಶರೀರ, ಅಗಲವಾದ ಕುಂಕುಮ, ಸದಾ ಇಳಕಲ್ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ. ನೆಲದ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಆ ಇಬ್ಬರಾಗಲು ನಮ್ಮೊಳಗೆ ಪೈಪೋಟಿ.

ಪೈಪೋಟಿಗೆ ಕಾರಣವಿತ್ತು. ಕರ್ನಾಟಕದಿಂದ ಆಂಧ್ರಕ್ಕೆ ಬದಲಿಯಾಗಿ ಬಂದ ಬ್ಯಾಂಕಿನವನು ರೈಲಿನಿಂದ ಇಳಿದು ಮುಖ ತೊಳೆಯುವ ಮೊದಲೇ ವಾಪಸು ಹೋಗುವ ಅರ್ಜಿ ಬರೆಯುತ್ತಾನೆ. ಅರ್ಜಿ ರೀಜನಲ್ ಮ್ಯಾನೇಜರ ಮೇಜಿಗೆ ಹೋಗುತ್ತದೆ. ಅವರು ಶಿಫಾರಸು ಮಾಡಿದರೆ ಹೆಡ್ ಆಫೀಸು ನೋಡುತ್ತದೆ. ಅವರು ಯಾರ ಮಾತು ಕೇಳುತ್ತಾರೆ? ಹೆಂಡತಿಯ ಮಾತು. ಹೆಂಡತಿ ಯಾರ ಮಾತು ಕೇಳುತ್ತಾರೆ? ಜೊತೆಯಲ್ಲಿ ಕೂತು ಕೌದಿ ಹೊಲಿಯುವವರ ಮಾತು. ಈ ಹೆಜ್ಜೆಗಳನ್ನು ಸಾಧಿಸಿ ತೋರಿಸು ಎಂದು ಯಾರೂ ಕೇಳಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಾನೂ ಕೇಳಲಿಲ್ಲ.

ನನ್ನದು ಉಳಿದವರಿಗಿಂತ ಅವಸರದ ಕೇಸು. ಮಂಡ್ಯದ ಒಂದು ಅನುದಾನಿತ ಶಾಲೆಯಲ್ಲಿ ನನಗೆ ಕಾಯಂ ಕೆಲಸ. ನಾನು ಅಲ್ಲಿ, ಗಂಡ ಇಲ್ಲಿ ಎಂದು ಕೆಲವು ವರ್ಷ ರೈಲಿನಲ್ಲೇ ಸಂಸಾರ ಮಾಡಿ, ಸಾಕಾಗಿ, ಸಂಬಳವಿಲ್ಲದ ಒಂದು ವರ್ಷದ ರಜೆ ಹಾಕಿ ಬಂದಿದ್ದೆ. ಅಷ್ಟರೊಳಗೆ ಅವರಿಗೆ ನಮ್ಮ ಕಡೆಗೆ ಬದಲಿ ಸಿಗಬೇಕು. ಸಿಗದಿದ್ದರೆ ಶಾಲೆ ತೆರೆಯುವ ಜೂನಿಗೆ ನಾನು ಗಂಡನನ್ನು ಬಿಟ್ಟು ಹೊರಡಬೇಕು, ಇಲ್ಲವೇ ಕೆಲಸ ಬಿಡಬೇಕು. ಅವರ ಶಾಖೆ ಇಬ್ರಾಹಿಂಪಟ್ನಂನಲ್ಲಿ, ಪಟಮಟದಿಂದ ಎರಡು ಬಸ್ಸು. ಗುರುವಾರ ಸಂಜೆ ಬೆವರಿನಲ್ಲಿ ತೊಯ್ದು ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದದ್ದು ಒಂದೇ: "ಏನಂದ್ರು ಮೇಡಮ್ಮು?" ನೀನು ಹೇಗಿದ್ದೀಯ ಎಂದು ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಆ ವರ್ಷ ತಪ್ಪಿಹೋಯಿತು.

ಈ ಕೌದಿ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದ್ದು ಒಬ್ಬ ಡಾಕ್ಟರು. ಮೇಡಂಗೆ ಬಿಪಿ ಏರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮನಸ್ಸಿಗೆ ಹಿಡಿಸುವ ಯಾವುದಾದರೂ ಹಾಬಿ ಇಟ್ಟುಕೊಳ್ಳಿ ಅಮ್ಮಾ ಎಂದರಂತೆ. ಇದನ್ನು ಮೇಡಂ ಮೊದಲ ಗುರುವಾರವೇ ನಮಗೆ ವರದಿ ಮಾಡಿದರು.

"ಹಾಬಿ ಅಂದ್ರ ಏನವಾ? ಪಗಾರ ಇಲ್ದ ಕೆಲಸ ಮಾಡೂದು. ಅದನ್ನ ಮದುವಿ ಆದಾಗಿಂದ ಮಾಡಾಕತ್ತೀನಿ. ಡಾಕ್ಟರಿಗೆ ಗೊತ್ತಿಲ್ಲ, ಪಾಪ."

ನಾವೆಲ್ಲ ಬೇಕಾದದ್ದಕ್ಕಿಂತ ಜಾಸ್ತಿ ನಕ್ಕೆವು. ಅವರು ಏನು ಹೇಳಿದರೂ ನಾವು ಹಾಗೆಯೇ ನಗುತ್ತಿದ್ದೆವು. ನಮ್ಮ ನಗು ನಿಲ್ಲುವವರೆಗೆ ಅವರು ಕನ್ನಡಕದ ಮೇಲಿನಿಂದ ಒಬ್ಬೊಬ್ಬರನ್ನೇ ನೋಡುತ್ತಿದ್ದರು.

ಕೌದಿಗೆ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು. ನೈಲಾನು, ಪಾಲಿಯೆಸ್ಟರು ತಂದರೆ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಡುತ್ತಿದ್ದರು. ತೊಂದರೆಯೆಂದರೆ ನಮ್ಮ ಬೀರುಗಳಲ್ಲಿ ಇದ್ದದ್ದೆಲ್ಲ ಅದೇ. ಕೋಲಾರದ ಒಬ್ಬಾಕೆ ಬೆಸೆಂಟ್ ರೋಡಿಗೆ ಹೋಗಿ ಹೊಸ ಹತ್ತಿ ಸೀರೆ ಕೊಂಡು, ಅದನ್ನು ಹಳೆಯದು ಮಾಡಲು ದಿನವೂ ಒಗೆದು, ಕಲ್ಲಿಗೆ ಬಡಿದು, ಮಹಡಿಯ ಬಿಸಿಲಿಗೆ ಹಾಕಿ ತಂದಳು. ಮೇಡಂ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು.

"ಇದರ ಮ್ಯಾಲೆ ಯಾರೂ ಕುಂತಿಲ್ಲ, ಯಾರೂ ಮಲಗಿಲ್ಲ, ಯಾವ ಕೂಸೂ ಉಚ್ಚಿ ಹೊಯ್ದಿಲ್ಲ. ಬರೇ ಬಡಿಸಿಕೊಂಡೈತಿ. ಪಾಪ, ವಾಪಸ್ ಒಯ್ಯಿ. ಒಂದ್ ವರ್ಷ ಉಟ್ಟು ತಗೊಂಡ್ ಬಾ."

ಹೊಲಿಗೆ ಜೋಳದ ಕಾಳಿನಷ್ಟಿರಬೇಕು ಎಂಬುದು ಇನ್ನೊಂದು ಕಟ್ಟಳೆ. ಉಡುಪಿಯ ಗೆಳತಿ ಧೈರ್ಯ ಮಾಡಿ ಕೇಳಿದಳು, "ಜೋಳದ ಕಾಳು ಎಷ್ಟು ದೊಡ್ಡದುಂಟು ಮೇಡಂ? ನಮ್ಮಲ್ಲಿ ಅಕ್ಕಿ ಮಾತ್ರ."

"ಅಕ್ಕಿಯಷ್ಟು ಉದ್ದ ಹೊಲಿದೀಯಲ್ಲ, ಅದು ಗೊತ್ತಾಗೂದಿಲ್ಲೇನು? ಬಿಚ್ಚು."

ನಾನು ಲೆಕ್ಕದ ಟೀಚರಾದ್ದರಿಂದ ಸ್ಕೇಲು, ಸೀಮೆಸುಣ್ಣ ಹಿಡಿದು ಹೋಗಿ ಸೀರೆಯ ಮೇಲೆ ಸಮಾನಾಂತರ ಗೆರೆ ಎಳೆದಿದ್ದೆ. ಅವರ ಕಡೆ ಹೆಣ್ಣುಮಕ್ಕಳು ಟೀಚರಾದರೆ ಅವರನ್ನು ಅಕ್ಕೋರು ಎನ್ನುತ್ತಾರೆ. ಹಾಗಾಗಿ ನಾನು ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ ಅಕ್ಕೋರೇ. "ಅಕ್ಕೋರ, ಗೆರಿ ಅಳಸ್ರಿ. ಹಿಂಗ ಹೊಲಿದ್ರ ಇದು ಕೌದಿ ಆಗೂದಿಲ್ಲ, ನಿಮ್ಮ ಸಾಲಿ ಪರೀಕ್ಷಾ ಪೇಪರ್ ಆಗ್ತೈತಿ. ಹೊದ್ದುಕೊಂಡವ ಅಂಜಿ ಏಳ್ತಾನ." ಗೆರೆ ಅಳಿಸಿದೆ. ನನ್ನ ಸಾಲುಗಳು ಅಂದಿನಿಂದ ಕುಡಿದವರ ನಡಿಗೆಯಾದವು. ಅವನ್ನು ನೋಡಿ ಅವರು, "ಈಗ ಛಲೋ ಆತು" ಎಂದರು.

ಅವರ ಮನೆಯಲ್ಲಿ ಇನ್ನೊಂದು ವಿಚಿತ್ರ ನಿಯಮವಿತ್ತು. ಕೂತವರು ಮಾತಾಡುತ್ತಲೇ ಇರಬೇಕು. ಸುಮ್ಮನೆ ಹೊಲಿದರೆ ಆಗದು. "ಏನರ ಹೇಳ್ರೇ" ಎಂದು ತಿವಿಯುತ್ತಿದ್ದರು. ಮಾತಿನ ನಡುವೆ ಅಭ್ಯಾಸಬಲದಿಂದ ತೆಲುಗು ನುಸುಳಿದರೆ ಅವರ ಹುಬ್ಬು ಗಂಟಾಗುತ್ತಿತ್ತು. "ತೆಲುಗು ಬ್ಯಾಡ. ತೆಲುಗು ನನಗ ಮನ್ಯಾಗ ಬೇಕಾದಷ್ಟೈತಿ" ಎನ್ನುತ್ತಿದ್ದರು. ಮನೆಗೆಲಸದವರ ಜೊತೆ ಮಾತಾಡಿ ಸಾಕಾಗಿರಬೇಕು ಎಂದುಕೊಂಡೆವು. ಕೆಲಸದವರಿಗೆ ಅಷ್ಟು ಹೇಳುವುದೇನಿರುತ್ತದೆ ಎಂದು ನಾವು ಯೋಚಿಸಲಿಲ್ಲ. ನಮ್ಮ ಯೋಚನೆಯೆಲ್ಲ ಮಾತನ್ನು ಮಾವಿನಕಾಯಿ ಉಪ್ಪಿನಕಾಯಿಯಿಂದ ಬದಲಿಯ ಕಡೆಗೆ ತಿರುಗಿಸುವುದು ಹೇಗೆ ಎಂಬುದರ ಮೇಲಿತ್ತು.

ತಿರುಗಿಸಿದಾಗಲೆಲ್ಲ ಅವರು ಸೂಜಿಯಿಂದ ಕಣ್ಣೆತ್ತದೆ, "ನೋಡೂಣಂತ" ಎನ್ನುತ್ತಿದ್ದರು.

ಆ ಒಂದು ಮಾತಿನ ಮೇಲೆ ನಾವು ನಡೆಸಿದ ಚರ್ಚೆಯನ್ನು ಯಾವ ಶಾಸನದ ಮೇಲೂ ವಿದ್ವಾಂಸರು ನಡೆಸಿರಲಾರರು. ನೋಡೂಣಂತ ಎನ್ನುವಾಗ ನಕ್ಕರೇ? ಸೂಜಿ ನಿಂತಿತೇ? ನನಗೆ ಹೇಳಿದ್ದು ಉದ್ದವಾಗಿತ್ತೇ, ಉಡುಪಿಯವಳಿಗೆ ಹೇಳಿದ್ದು ಉದ್ದವಾಗಿತ್ತೇ? ಮನೆಗೆ ಹೋಗಿ ಗಂಡಂದಿರಿಗೆ ಅಭಿನಯಿಸಿ ತೋರಿಸುತ್ತಿದ್ದೆವು. ಅವರು ಸಾಲದ ಅರ್ಜಿ ಪರಿಶೀಲಿಸುವವರ ಗಾಂಭೀರ್ಯದಿಂದ ಕೇಳಿ, "ಹೋಪ್ ಇದೆ" ಎನ್ನುತ್ತಿದ್ದರು.

ಇಷ್ಟರಲ್ಲಿ ಕೋಲಾರದಾಕೆಯ ಗಂಡನಿಗೆ ಬೆಂಗಳೂರಿಗೆ ಬದಲಿಯಾಯಿತು. ಆಕೆ ಕೂರುತ್ತಿದ್ದದ್ದು ಮೇಡಂ ಬಲಗಡೆ. ಮುಂದಿನ ಗುರುವಾರ ಎಲ್ಲರೂ ಅರ್ಧ ಗಂಟೆ ಮೊದಲೇ ಬಂದು ಬಲಗಡೆಗೆ ಮುಗಿಬಿದ್ದೆವು. ಒಂದೇ ಒಂದು ನಿದರ್ಶನದಿಂದ ಸೂತ್ರ ಕಟ್ಟಬಾರದೆಂದು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಟ್ಟ ನಾನು, ಬಲಗಡೆಯ ಚಾಪೆಯ ಮೇಲೆ ಮೊದಲೇ ಕೈಚೀಲ ಇಟ್ಟು ಜಾಗ ಹಿಡಿದಿದ್ದೆ. ಇದು ಸಾಲದೆಂದು ಶುಕ್ರವಾರ ಇಂದ್ರಕೀಲಾದ್ರಿ ಹತ್ತಿ ದುರ್ಗಮ್ಮನಿಗೂ ಅರ್ಜಿ ಸಲ್ಲಿಸುತ್ತಿದ್ದೆವು. ಮೂಲ ಪ್ರತಿ ಮೇಡಂಗೆ, ನಕಲು ದೇವಿಗೆ.

ಹೊಲಿದ ಕೌದಿಗಳನ್ನು ಏನು ಮಾಡುವುದೆಂಬ ಪ್ರಶ್ನೆ ದಿನೇ ದಿನೇ ದೊಡ್ಡದಾಯಿತು. ಪಕ್ಕದ ಮನೆಯ ತೆಲುಗಿನ ಆಂಟಿ ಬಾಗಿಲಲ್ಲಿ ನಿಂತು, ಗಲ್ಲಕ್ಕೆ ಬೆರಳಿಟ್ಟು, "ಇಂತ ಎಂಡಲ್ಲೋ ಬೊಂತಲೆಂದುಕಮ್ಮಾ?" ಎಂದಿದ್ದರು. ಇಂಥ ಬಿಸಿಲಲ್ಲಿ ಚಿಂದಿಯ ಹೊದಿಕೆ ಯಾಕಮ್ಮಾ ಎಂದು. ಅವರಿಗೆ ಒಂದು ಕೊಟ್ಟೆವು. ಅವರು ಅದನ್ನು ಮಹಡಿಯಲ್ಲಿ ಹಾಸಿ ವಡಿಯಾಲು ಒಣಗಿಸಿದರು. ಬೂದುಗುಂಬಳದ ಸಂಡಿಗೆ ಅಷ್ಟು ಚೆನ್ನಾಗಿ ಎಂದೂ ಒಣಗಿರಲಿಲ್ಲವಂತೆ. ನಮ್ಮ ಮನೆಯಲ್ಲಿ ಒಂದು ಇಸ್ತ್ರಿ ಮೇಜಿಗಾಯಿತು, ಒಂದು ಸ್ಕೂಟರ್ ಮೇಲಿನ ಮುಸುಕಾಯಿತು. ಮೇಡಂಗೆ ಇದಾವುದರಿಂದಲೂ ಬೇಜಾರಾಗಲಿಲ್ಲ. ಹೊಲಿದು ಮುಗಿದ ಕೌದಿಯ ಮೇಲೆ ಅವರಿಗೆ ಆಸಕ್ತಿಯೇ ಇರಲಿಲ್ಲ. ಮುಗಿದ ದಿನ ಸ್ವಲ್ಪ ಮಂಕಾಗಿ, ಅವತ್ತೇ ಇನ್ನೊಂದಕ್ಕೆ ಸೀರೆ ಹಾಸಿಸುತ್ತಿದ್ದರು.

ಇರುವೆಯ ಪ್ರಸಂಗ ಇಲ್ಲೇ ಹೇಳಬೇಕು. ಕೌದಿಯನ್ನು ಅಂಚಿನಿಂದ ಸುತ್ತ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಮೇಡಂ ತವರುಮನೆಯ ಪದ್ಧತಿಯಂತೆ, ಕೊನೆಯ ತೇಪೆ ಮುಚ್ಚುವ ಮೊದಲು ಅದರೊಳಗೆ ಖಡಕ್ ಜೋಳದ ರೊಟ್ಟಿಯ ಒಂದು ಚೂರು ಇಡಬೇಕು. "ಕೌದಿ ಹೊಟ್ಟಿ ಖಾಲಿ ಇರಬಾರದು. ಅದು ಹಸದಿದ್ರ ಹೊದ್ದುಕೊಂಡವರೂ ಹಸೀತಾರ." ಬಾಗಲಕೋಟೆಯ ಒಣ ಹವೆಯಲ್ಲಿ ಆ ಚೂರು ವರ್ಷಗಟ್ಟಲೆ ಹಪ್ಪಳದಂತೆ ಗರಿಗರಿಯಾಗಿ ಕೂತಿರುತ್ತದಂತೆ. ಕೃಷ್ಣೆಯ ಸೆಕೆಯಲ್ಲಿ ಅದು ಏನಾಗುತ್ತದೆಂದು ಯಾರೂ ಯೋಚಿಸಲಿಲ್ಲ.

ಆಗ ಹೆಡ್ ಆಫೀಸಿನ ಜನರಲ್ ಮ್ಯಾನೇಜರು ಸಪತ್ನೀಕರಾಗಿ ಬಂದರು. ಕನಕದುರ್ಗಮ್ಮನ ದರ್ಶನ ಮುಖ್ಯ, ಶಾಖೆಗಳ ತಪಾಸಣೆ ಆಮೇಲೆ. ಅವರ ಪತ್ನಿಗೆ ಕೌದಿ ಕೊಡಬೇಕೆಂಬ ಐಡಿಯಾ ನಮ್ಮದೇ. ಮೇಲಿನವರಿಗೂ ಮೇಲಿನವರು ಸಿಕ್ಕಾಗ ಬಿಡುವುದುಂಟೇ? ಮೇಡಂ, "ಕೊಡ್ರಿ, ನಂದೇನೈತಿ" ಎಂದರು. ಗೆಸ್ಟ್ ಹೌಸಿನಲ್ಲಿ ಏಸಿ ಇತ್ತು. ನಮ್ಮ ಕೌದಿಯನ್ನು ಯಾರಾದರೂ ನಿಜಕ್ಕೂ ಹೊದ್ದುಕೊಂಡದ್ದು ಅದೇ ಮೊದಲು. ಬೆಳಿಗ್ಗೆ ಆ ಹೆಂಗಸು ಕುತ್ತಿಗೆಯಿಂದ ಮೊಣಕೈವರೆಗೆ ಕೆಂಪು ಗುಳ್ಳೆಗಳೊಂದಿಗೆ ತಿಂಡಿಗೆ ಬಂದರು. ಹೊಟ್ಟೆಯ ರೊಟ್ಟಿಗೆ ಇರುವೆಗಳು ಮೊದಲೇ ಸಂಸಾರ ಸಮೇತ ಬಂದು ಇಳಿದಿದ್ದವು.

ನಮ್ಮ ಗಂಡಂದಿರ ಮುಖ ಆ ವಾರ ನೋಡುವ ಹಾಗಿರಲಿಲ್ಲ. ತಿಂಗಳಾಗುವುದರಲ್ಲಿ ನಮ್ಮಲ್ಲೊಬ್ಬಳ ಗಂಡನಿಗೆ ಆಂಧ್ರದ ಇನ್ನೊಂದು ತುದಿಯ ಶ್ರೀಕಾಕುಳಂಗೆ ಬದಲಿಯಾಯಿತು. ಅವಧಿ ಮುಗಿದವರನ್ನು ಬ್ಯಾಂಕು ಹಾಗೆ ಕಳಿಸುವುದು ಮಾಮೂಲು. ಆದರೆ ಆ ಕೌದಿಯ ಹೊಟ್ಟೆ ಹೊಲಿದವಳು ಅವಳೇ. ಇರುವೆಯ ಖರ್ಚು ಅವಳ ಖಾತೆಗೆ ಬಿತ್ತು. ಮೇಡಂ ಮಾತ್ರ ಕಿಂಚಿತ್ತೂ ಅಲುಗಲಿಲ್ಲ. "ಇರಿವಿಗೂ ಹೊಟ್ಟಿ ಐತಿ" ಎಂದು ಹೇಳಿ, ಮುಂದಿನ ಕೌದಿಗೂ ರೊಟ್ಟಿ ಇಡಿಸಿದರು.

ಬೇಸಗೆ ಶುರುವಾಗುವ ಹೊತ್ತಿಗೆ ನಮ್ಮ ರೀಜನಲ್ ಮ್ಯಾನೇಜರ್ ಸಾಹೇಬರು ಬಡ್ತಿ ಪಡೆದು ವಿಶಾಖಪಟ್ಟಣದ ಝೋನಲ್ ಆಫೀಸಿಗೆ ಹೋದರು. ಮೇಡಂ ಹೊರಡುವ ದಿನ ನಾವೆಲ್ಲ ಅತ್ತೆವು, ನಾನೂ ಅತ್ತೆ. ಅವರು ಅರ್ಧ ಹೊಲಿದ ಒಂದು ಕೌದಿಯನ್ನು ನನ್ನ ಕೈಗಿಟ್ಟು, "ಮುಗಿಸಿ ತಂದು ಕೊಡ್ರಿ ಅಕ್ಕೋರ" ಎಂದರು. ಹೊಸ ರೀಜನಲ್ ಮ್ಯಾನೇಜರ ಹೆಂಡತಿಗೆ ಭಜನೆಯ ಹುಚ್ಚು. ಮುಂದಿನ ಗುರುವಾರವೇ ನಮ್ಮವರೆಲ್ಲ ತಾಳ ಕೊಂಡರು.

ನಾನು ಕೊಳ್ಳಲಿಲ್ಲ. ಭಜನೆ ಕಲಿತು ಫಲ ಕಾಣುವಷ್ಟು ಸಮಯ ನನ್ನಲ್ಲಿರಲಿಲ್ಲ. ಜೂನ್ ಹತ್ತಿರ ಬಂದಿತ್ತು. ಶಾಲೆಯಿಂದ ಹೆಡ್‌ಮಾಸ್ಟರು ಫೋನ್ ಮಾಡಿ, ರಜೆ ಮುಂದುವರಿಸಲಾಗದು, ಬರುವುದಿದ್ದರೆ ಬನ್ನಿ, ಇಲ್ಲದಿದ್ದರೆ ಜಾಗ ತುಂಬಿಸುತ್ತೇವೆ ಎಂದಿದ್ದರು. ಗಂಡ ಎರಡು ದಿನ ಮಾತಿಲ್ಲದೆ ಊಟ ಮಾಡಿ, ಮೂರನೆಯ ದಿನ ಹೇಳಿದರು, "ಝೋನಲ್ ಆಫೀಸು ಅಂದ್ರೆ ಇನ್ನೂ ದೊಡ್ಡ ಪವರ್ ಕಣೆ. ಕೌದಿ ಕೊಡೋ ನೆಪದಲ್ಲಿ ಹೋಗಿ ನೇರವಾಗಿ ಕೇಳ್ಬುಡು. ಆಗ್ಲಿಲ್ಲಾಂದ್ರೆ... ಕೆಲ್ಸ ಬಿಡೋದೇನೂ ದೊಡ್ಡ ವಿಷ್ಯ ಅಲ್ಲ." ಕೊನೆಯ ಮಾತು ಹೇಳುವಾಗ ಅವರು ನನ್ನನ್ನು ನೋಡಲಿಲ್ಲ.

ನಸುಕಿನ ರೈಲು ಹಿಡಿದು ಮಧ್ಯಾಹ್ನದ ಹೊತ್ತಿಗೆ ವಿಶಾಖಪಟ್ಟಣ ಮುಟ್ಟಿದೆ. ಸಮುದ್ರ ಕಾಣುವ ದೊಡ್ಡ ಮನೆ. ಬಾಗಿಲು ತೆಗೆದ ಮೇಡಂ, ನಾನು ಮುಗಿಸಿ ತಂದ ಕೌದಿಯನ್ನು ನೋಡದೆಯೇ, ನನ್ನನ್ನು ತಬ್ಬಿಕೊಂಡೇಬಿಟ್ಟರು. "ಬಂದೀ ಯವ್ವಾ! ಕನ್ನಡ ಕೇಳಿ ತಿಂಗಳಾತು. ಏನರ ಮಾತಾಡು, ಏನರ." ಸಾಹೇಬರು ಊಟಕ್ಕೆ ಬಂದರು. ಅವರನ್ನು ನಾನು ಮನೆಯೊಳಗೆ ನೋಡಿದ್ದು ಅದೇ ಮೊದಲು; ನಮ್ಮ ಗುರುವಾರಗಳು ಅವರು ಆಫೀಸಿನಲ್ಲಿರುವ ಹೊತ್ತಿನವು. ತೆಳ್ಳಗಿನ, ಶಿಸ್ತಿನ ಮನುಷ್ಯ. ನನ್ನನ್ನು ಕಂಡು ತಲೆಯಾಡಿಸಿ ಮೇಜಿಗೆ ಕೂತರು. ಎದುರು ಕುರ್ಚಿಯಲ್ಲಿ ಮೇಡಂ. ಬಡಿಸಲು ಅಪ್ಪಲಮ್ಮ ಎಂಬ ಕೆಲಸದಾಕೆ.

ಸಾಹೇಬರು ಸಾರು ಬಾಯಿಗಿಟ್ಟು, ಅಪ್ಪಲಮ್ಮನತ್ತ ತಿರುಗಿ ತೆಲುಗಿನಲ್ಲಿ ಹೇಳಿದರು, "ಉಪ್ಪು ಎಕ್ಕುವಯಿಂದನಿ ಚೆಪ್ಪು." ಉಪ್ಪು ಜಾಸ್ತಿಯಾಗಿದೆ ಎಂದು ಹೇಳು. ಅಪ್ಪಲಮ್ಮ ಅರ್ಧ ಸುತ್ತು ತಿರುಗಿ, ಕೈಯಳತೆಯಲ್ಲಿ ಕೂತಿದ್ದ ಮೇಡಂಗೆ ಅದನ್ನೇ ಹೇಳಿದಳು. ಮೇಡಂ, "ರೇಪು ತಗ್ಗಿಸ್ತಾನನಿ ಚೆಪ್ಪು" ಎಂದರು. ನಾಳೆ ಕಡಿಮೆ ಮಾಡುತ್ತೇನೆ ಎಂದು ಹೇಳು. ಅಪ್ಪಲಮ್ಮ ವಾಪಸು ತಿರುಗಿ ಅದನ್ನೂ ತಲುಪಿಸಿದಳು. ಮೂವರಿಗೂ ಇದು ಉಸಿರಾಟದಷ್ಟು ಸಹಜವಾಗಿತ್ತು. ಬಾಗಲಕೋಟೆಯ ಗಂಡಹೆಂಡತಿ ಕೆಲಸದಾಕೆಯ ಮುಖಾಂತರ ತೆಲುಗಿನಲ್ಲಿ ಸಂಸಾರ ಮಾಡುತ್ತಿದ್ದರು. ನನ್ನ ಬಾಯಿಯ ಅನ್ನ ಬಾಯಲ್ಲೇ ಉಳಿಯಿತು. ಒಂದು ವರ್ಷ ನಾವು ಯಾರ ಕಿವಿಗೆ ಯಾರಿಂದ ಮಾತು ಹಾಕಿಸಲು ಸೊಂಟ ನೋಯಿಸಿಕೊಂಡಿದ್ದೆವೋ, ಅವರಿಬ್ಬರ ನಡುವೆ ಆ ದಾರಿಯೇ ಇರಲಿಲ್ಲ.

ಒಳಕೋಣೆಗೆ ಕರೆದುಕೊಂಡು ಹೋದ ಮೇಲೆ ಮೇಡಂ ನನ್ನ ಮುಖ ನೋಡಿ ನಕ್ಕರು.

"ನಗು ಬಂದ್ರ ನಗು ಅಕ್ಕೋರ. ಬೆಜವಾಡದಾಗೂ ಹಿಂಗ ಇತ್ತು. ಅಲ್ಲಿ ಅಪ್ಪಲಮ್ಮನ ಬದಲಿ ಮಂಗಮ್ಮ."

"ಮತ್ತೆ ನಾವು ಯಾಕೆ ಬರ್ತಿದ್ವಿ ಅಂತ..."

"ಮೊದಲನೇ ಗುರುವಾರನ ಗೊತ್ತಾತು. ಅಷ್ಟ ಜೋರ ಯಾರರ ನಗತಾರೇನು? ನಿಮ್ಮ ಗಂಡಂದಿರ ಬದಲಿ ನನ್ನ ಕೈಯಾಗಿಲ್ಲ ಅಂತ ಅಂದಿದ್ರ, ಎರಡನೇ ಗುರುವಾರ ಯಾರು ಬರ್ತಿದ್ರು? ನೀ ಬರ್ತಿದ್ದೇನು?"

ಅವರು ಉತ್ತರಕ್ಕೆ ಕಾಯದೆ ಮುಂದುವರಿಸಿದರು.

"ನಂದೂ ನೌಕರಿ ಇತ್ತವಾ. ಬಾಗಲಕೋಟಿ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಆಪರೇಟರ್. ಊರ ಮಂದಿ ಮಾತೆಲ್ಲ ನನ್ನ ಕೈಯಾಗ ಹಾದು ಹೋಗ್ತಿತ್ತು. ಇವರನ್ನ ಹೊರರಾಜ್ಯಕ್ಕ ಹಾಕಿದ್ರು. ಒಂದ ಊರು, ಆಮ್ಯಾಲೆ ವಾಪಸ್ ಬರೂಣು, ನೌಕರಿ ಬಿಡು ಅಂದ್ರು. ಬಿಟ್ಟೆ. ವಾಪಸ್ ಬರೂ ಆರ್ಡರ್ ಬಂತು. ಅದನ್ನ ಬ್ಯಾಡಂದು ಪ್ರಮೋಶನ್ ತಗೊಂಡು ಮತ್ತೊಂದ ಊರಿಗೆ ಹೊಂಟ್ರು. ನನಗ ಹೇಳಲಿಲ್ಲ. ಆಫೀಸಿನವರು ಪೇಢೆ ತಗೊಂಡ್ ಮನಿಗೆ ಬಂದಾಗ ಗೊತ್ತಾತು. ಪೇಢೆ ಹಂಚಿದೆ. ಮಾತು ಬಿಟ್ಟೆ."

ಹೊರಗೆ ಊಟ ಮುಗಿದು ಕೈ ತೊಳೆಯುವ ಸದ್ದು. ನಾನು ಬಂದ ವಿಷಯ ಹೇಳಲಾರದೆ ಹೇಳಿದೆ: ಜೂನು, ಶಾಲೆ, ಹೆಡ್‌ಮಾಸ್ಟರ ಫೋನು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಗಂಡನನ್ನು ಬಿಟ್ಟಿರಲೂ ಆಗದು, ಕೆಲಸ ಬಿಟ್ಟು ಬದುಕಲೂ ಆಗದು ಎಂದು ಯಾರ ಮುಂದೆಯೂ ಹೇಳಿರಲಿಲ್ಲ. ಅವರು ಎದ್ದು, ಸೆರಗು ಸರಿ ಮಾಡಿಕೊಂಡು ಹಾಲಿಗೆ ಹೋದರು. ಏನಾಗುತ್ತಿದೆಯೆಂದು ತಿಳಿಯದೆ ನಾನೂ ಬಾಗಿಲಿಗೆ ಬಂದೆ.

"ರ್ರೀ..."

ಸಾಹೇಬರು ಕೈ ಒರೆಸುತ್ತಿದ್ದ ಟವೆಲು ಹಾಗೆಯೇ ನಿಂತಿತು.

"ಈಕಿ ಗಂಡನ್ನ ಊರಿಗೆ ಹಾಕಸ್ರಿ. ಇಲ್ಲಾಂದ್ರ ಈಕಿ ನೌಕರಿ ಹೋಗ್ತೈತಿ."

ಅಪ್ಪಲಮ್ಮನಿಗೆ ಕನ್ನಡ ಬಾರದು. ಆದರೆ ತನ್ನ ಮೂಲಕ ಹೋಗಬೇಕಾದದ್ದು ನೇರ ಹೋಯಿತೆಂದು ಅವಳಿಗೂ ತಿಳಿದು, ತಟ್ಟೆ ಹಿಡಿದುಕೊಂಡೇ ಗಾಬರಿಯಿಂದ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಸಾಹೇಬರ ತುಟಿ ಅಲುಗಿತು. ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಆ ಗಳಿಗೆಯಲ್ಲಿ ಅವರನ್ನು ಕಂಡರೆ ನನಗೆ ಪಾಪವೆನಿಸಿತು. ಅಭ್ಯಾಸ ತಪ್ಪಿದವರು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಕೊನೆಗೆ ಅಪ್ಪಲಮ್ಮನ ಕಡೆ ತಿರುಗಿದರು.

"ಅಂದರಿ ಅಪ್ಲಿಕೇಷನ್ಲೂ ಎಪ್ಪುಡೋ ಪಂಪಾನನಿ ಚೆಪ್ಪು. ಇಂಕ ನಾ ಚೇತಿಲೋ ಲೇದು."

ಎಲ್ಲರ ಅರ್ಜಿಯನ್ನೂ ಯಾವಾಗಲೋ ಕಳಿಸಿದ್ದೇನೆ ಎಂದು ಹೇಳು, ಇನ್ನು ನನ್ನ ಕೈಯಲ್ಲಿಲ್ಲ. ಅಪ್ಪಲಮ್ಮ ನಿಟ್ಟುಸಿರು ಬಿಟ್ಟು, ಮೇಡಂ ಕಡೆ ತಿರುಗಿ, ಒಂದಕ್ಷರ ಬಿಡದೆ ಹೇಳಿದಳು. ಹೌದು, ಆ ಮನುಷ್ಯ ಯಾರ ಅರ್ಜಿಯನ್ನೂ ತಡೆದವರಲ್ಲ. ಬಂದಂತೆ ಬಂದಂತೆ ಎಲ್ಲವನ್ನೂ ಶಿಫಾರಸು ಮಾಡಿ ಕಳಿಸುತ್ತಿದ್ದರು. ನಾವು ಮೊದಲ ಸೂಜಿಗೆ ದಾರ ಪೋಣಿಸುವ ಮೊದಲೇ ನಮ್ಮ ಅರ್ಜಿಗಳು ಹೆಡ್ ಆಫೀಸಿನಲ್ಲಿದ್ದವು.

ಮೇಡಂ ಅಪ್ಪಲಮ್ಮನಿಗೆ, "ಸರೇ ಅನಿ ಚೆಪ್ಪು" ಎಂದರು. ಒಳಗೆ ಬಂದು ಮಂಚದ ಮೇಲೆ ಕೂತರು. ಮುಖ ಬೆವತಿತ್ತು.

"ಕೇಳಿದಿಲ್ಲ? ಈಗ ನನ್ನ ಮಾತು ಕೇಳು. ನೌಕರಿ ಬಿಡಬ್ಯಾಡ. ಗಂಡ ಇವತ್ತಿಲ್ಲ ನಾಳೆ ಬದಲಿ ಆಗಿ ಬರ್ತಾನ. ಹ್ವಾದ ನೌಕರಿ ಬದಲಿ ಆಗಿ ಬರೂದಿಲ್ಲ."

ಶಾಲೆ ತೆರೆದ ದಿನ ನಾನು ಹಾಜರಾದೆ. ಗಂಡ ಇಬ್ರಾಹಿಂಪಟ್ನಂನ ಮೆಸ್ಸಿನ ಗೋಂಗೂರ ತಿಂದುಕೊಂಡು ಸಿಡುಕುತ್ತ ಇದ್ದರು. ಅವರ ಬದಲಿ ತನ್ನ ಸರದಿ ಬಂದಾಗ, ಬಹಳ ಜನರ ಬದಲಿಯ ಜೊತೆ, ಯಾರೂ ಹೇಳದೆ ತಾನಾಗಿ ಬಂತು. ಅದು ಬಲಗಡೆ ಕೂತದ್ದರ ಫಲ ಎಂದು ಉಡುಪಿಯ ಗೆಳತಿ ಇವತ್ತಿಗೂ ನಂಬಿದ್ದಾಳೆ. ವಿಶಾಖಪಟ್ಟಣದಲ್ಲಿ ಕಂಡದ್ದನ್ನು ಅವಳಿಗೆ ನಾನು ಹೇಳಿಲ್ಲ. ನಾನಿನ್ನೂ ಕೆಲಸದಲ್ಲಿದ್ದೇನೆ. ಈ ವರ್ಷವೂ ಹತ್ತನೆಯ ತರಗತಿಗೆ ನಾನೇ ಗಣಿತ.

ವಿಶಾಖಪಟ್ಟಣದಿಂದ ಅವತ್ತು ಸಂಜೆ ನಾನು ಹೊರಡುವಾಗ ಮೇಡಂ ಗೇಟಿನವರೆಗೆ ಬಂದಿದ್ದರು. ನಾನು ಕೇಳಬಾರದಿತ್ತೇನೋ, ಕೇಳಿದೆ, "ನನ್ನಿಂದ ನೀವು ಮಾತಾಡೋ ಹಾಗಾಯ್ತು. ಇನ್ಮೇಲೆ ಸಾಹೇಬರ ಜೊತೆ ಮಾತಾಡ್ತೀರಾ ಮೇಡಂ?"

"ಇಲ್ಲವಾ. ಒಂದ ಮಾತು ಇಟಗೊಂಡಿದ್ದೆ, ಸಾಯೂ ಮುಂದ ಆಡೂಣು ಅಂತ. ಏನು ಆಡಬೇಕು ಅಂತ ಗೊತ್ತಿರಲಿಲ್ಲ. ನಿನಗ ಬೇಕಾತು, ಕೊಟ್ಟೆ."

ನಾನು ಅವರ ಎರಡೂ ಕೈ ಹಿಡಿದುಕೊಂಡು ನಿಂತೆ. ಅವರು ಕೈ ಬಿಡಿಸಿಕೊಂಡು ನನ್ನ ಬೆನ್ನಿಗೊಂದು ಗುದ್ದಿದರು.

"ರೈಲು ತಪ್ಪತೈತಿ, ನಡಿ."